ಕೋಚ್ ನನಗೇ ಸೀಟಿ ಊದಿದರು

ಕೇಳಿ ಸ್ನೇಹಿತರೇ, ಇವತ್ತು ಧನಕವಡಿಯ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಜಗಳಕ್ಕೇ ನಿಂತುಬಿಟ್ಟೆ.

ಮಕ್ಕಳ ಕೈ ಪಳಗಿದೆ, ಇನ್ನು ಮನಸ್ಸು ಪಳಗಬೇಕು ಎಂದು ಕೋಚ್ ಹೊಸ ಅಭ್ಯಾಸ ಶುರು ಮಾಡಿದ್ದಾರೆ. ಮಕ್ಕಳು ಫ್ರೀ ಥ್ರೋ ಎಸೆಯುವಾಗ ಸುತ್ತ ನಿಂತ ಅಪ್ಪ ಅಮ್ಮಂದಿರು ಕೂಗಿ ಕಂಗೆಡಿಸಬೇಕಂತೆ. ನನ್ನ ಮಗಳು ಶ್ರಾವಣಿ ಚೆಂಡು ಹಿಡಿದು ನಿಂತಳು. ಅವಳ ಗೆಳತಿಯ ಅಪ್ಪ "ಚುಕಣಾರ! ಚುಕಣಾರ!" ಎಂದು ಮರಾಠಿಯಲ್ಲಿ ಅರಚತೊಡಗಿದರು. ಗುರಿ ತಪ್ಪುತ್ತೆ ಅಂತ! ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ನನ್ನ ಮಗಳಿಗೆ ಹಂಗ್ಯಾಕ ಅಪಶಕುನ ನುಡೀತೀರಿ?" ಎಂದು ಏರಿ ಹೋದೆ. ಅವರಿಗೆ ಕನ್ನಡ ಬಾರದು ಎನ್ನುವುದೂ ಮರೆತುಹೋಗಿತ್ತು. ಕೋಚ್ ಸೀಟಿ ಊದಿ ನನ್ನನ್ನೇ ಹೊರಗೆ ಕಳಿಸಿದರು. ಅಷ್ಟರಲ್ಲಿ ಚೆಂಡು ನೆಟ್ಟಗೆ ಬುಟ್ಟಿಯೊಳಗೆ ಬಿದ್ದಿತ್ತು.

ಸ್ಕೂಟರಿನಲ್ಲಿ ಬರುತ್ತಾ ಕೇಳಿದೆ: "ಅಷ್ಟು ಗದ್ದಲದಾಗ ನಿನಗ ಹೆದರಿಕಿ ಆಗಲಿಲ್ಲೇನ?"

"ಇಲ್ಲವ್ವಾ. ಮನ್ಯಾಗ ದಿನಾ ನೀ ಒದರುವಾಗನ ಕೂತು ಓದತೇನಿ. ರೂಢಿ ಆಗೇದ."

ನಾಡಿದ್ದು ಜಿಲ್ಲಾ ತಂಡದ ಆಯ್ಕೆ. ಅಲ್ಲಿಯವರೆಗೆ ನಾನು ಬಾಯಿ ಮುಚ್ಚಿಕೊಂಡಿರಲೋ, ಇನ್ನಷ್ಟು ಕೂಗಲೋ? ಬೇಗ ಹೇಳಿ, ಅವಳು ಈಗ ಓದಲು ಕೂತಿದ್ದಾಳೆ.