ಅಕ್ಕ ಅಂಗಾತ ಮಲಗಿದ ದಿನ

ಹಗಲು ಹೊತ್ತಿನಲ್ಲಿ ಅಂಗಾತ ಮಲಗುವುದು ಒಂದು ವಿದ್ಯೆ, ನೋಡಿ. ಬಂಗಾರಪೇಟೆಯ ಸುತ್ತಿನ ಹಳ್ಳಿಗಳ ಹೆಂಗಸರಿಗೆ ಅದನ್ನು ಯಾರೂ ಕಲಿಸಲಿಲ್ಲ. ನಾನಾದರೋ ಕಾಲೇಜಿನಲ್ಲಿ ಮುಖ್ಯವಾಗಿ ಕಲಿತದ್ದೇ ಅದು. ಆದ್ದರಿಂದ ಬೆಂಗಳೂರಿನ ಆಸ್ಪತ್ರೆಯಲ್ಲಿ, ತೊಡೆಯ ಸಂದಿನ ರಕ್ತನಾಳದಿಂದ ಹೃದಯದವರೆಗೆ ಸಣ್ಣ ಕೊಳವೆ ತೂರಿಸಿ ಪರೀಕ್ಷೆ ಮಾಡಿದ ಮೇಲೆ ಅಕ್ಕ ಕಾಲು ಚಾಚಿ ಮಲಗಿದ್ದನ್ನು ಬೆರಗಿನಿಂದ ನೋಡುತ್ತ ಕೂತಿದ್ದೆ. ತಾಯಿಯಿಲ್ಲದ ನನ್ನನ್ನು ಸಾಕಿದ ಅವಳ ಅಂಗಾಲನ್ನು ಅಷ್ಟು ಹೊತ್ತು ಕಂಡದ್ದು ಅದೇ ಮೊದಲು.

"ಇಂಗೇ ಇನ್ನೊಂದಿನ ಇದ್ದೋಗಾನೇನ್ಲಾ?" ಎಂದಳು.

ಎಂಬತ್ತರ ದಶಕದ ಕೊನೆಯ ಮಾತು ಇದು. ಬೆಳಿಗ್ಗೆ ಬಂದವರನ್ನು ಸಂಜೆಯೇ ಕಳಿಸುವ ಪದ್ಧತಿ ಆಗ ಹೊಸದು. ಭಯವಿಲ್ಲ, ಭಾರ ಎತ್ತಬಾರದು, ಮೆಟ್ಟಿಲು ಹತ್ತಬಾರದು, ರಕ್ತ ಬಂದರೆ ಮಲಗಿಸಿ ಒತ್ತಿ ಹಿಡಿಯಬೇಕು ಎಂದರು ಡಾಕ್ಟರು. ಮನೆಯಲ್ಲಿ ಹಸುವಿದೆಯೇ ಎಂದು ಕೇಳಲಿಲ್ಲ. ಹೃದಯಕ್ಕೂ ಹಸುವಿಗೂ ಎತ್ತಣ ಸಂಬಂಧ?

ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು. ಅವಳ ಕೆಂಪಿ ಬೇರೆಯವರ ಕೈಗೆ ಹಾಲು ಬಿಡದ ಹಸು. ನಾನು ಒಳಗೆ ಹಾಸಿಗೆ ಹಾಸುವಷ್ಟರಲ್ಲಿ ಅಕ್ಕ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಚೊಂಬನ್ನು ಮಂಡಿಗಳ ನಡುವೆ ಇರುಕಿಕೊಂಡು ಕರೆಯತೊಡಗಿದ್ದಳು.

"ಲೇ, ಸೀರೆ ಒದ್ದೆಯಾಗೈತೆ. ಆಲು ಚೆಲ್ಲಿಲ್ವಲ್ಲಾ!"

ಹೋಗಿ ನೋಡಿದರೆ ಅದು ರಕ್ತ. ಹುಲ್ಲಿನ ಮೇಲೆ ಮಲಗಿಸಿ ಎರಡೂ ಅಂಗೈ ಊರಿ ಒತ್ತಿದೆ. ಬೆರಳ ಸಂದಿಯಲ್ಲಿ ಬೆಚ್ಚಗೆ ಉಕ್ಕಿತು. ನನ್ನ ಕೂಗಿಗೆ ಬಂದ ಪಕ್ಕದ ಮನೆಯ ಮುನೆಮ್ಮ, "ಕೈ ತೆಗೀಬ್ಯಾಡ ಸಾಮಿ" ಎಂದವಳೇ ಓಡಿಹೋಗಿ, ಇನ್ನೂ ಬೀದಿಯಲ್ಲೇ ಇದ್ದ ಕಾರನ್ನು ರಾಬರ್ಟ್‌ಸನ್‌ಪೇಟೆಯ ಡಾಕ್ಟರನ್ನು ಕರೆತರಲು ಅಟ್ಟಿದಳು.

"ಮೆತ್ತಗೆ ಒತ್ಲಾ, ನಾನೇನ್ ರಾಗಿ ಇಟ್ಟಾ?" ಎಂದು ಅಕ್ಕ ನಕ್ಕಳು. ಆಮೇಲೆ ದನಿ ಸಣ್ಣದಾಯಿತು. "ಇನ್ನೆರಡು ಮೊಲೆ ಕರೀಬೇಕು ಕಣ್ಲಾ. ಬಿಡು."

"ಬಿಡಲ್ಲ ಕಣಕ್ಕಾ."

ಡಾಕ್ಟರು ಬರುವಷ್ಟರಲ್ಲಿ ರಕ್ತ ನಿಂತಿತ್ತು. ಅವರು ಮೆಲ್ಲಗೆ ಬಿಡಿಸುವವರೆಗೆ ನನ್ನ ಕೈ ಏಳಲಿಲ್ಲ.

ಆ ಪರೀಕ್ಷೆಯನ್ನು ನಾನು ದೂರುವುದಿಲ್ಲ. ಎಷ್ಟೋ ಜನ ಅದೇ ಸಂಜೆ ಮನೆಗೆ ಹೋಗಿ ಸುಖವಾಗಿದ್ದಾರೆ. ಆದರೆ ಮನೆಗೆ ಹೋಗಬಹುದು ಎಂದಾಗ ಡಾಕ್ಟರ ಕಣ್ಣೆದುರು ಇದ್ದದ್ದು ಮಂಚ, ಅಕ್ಕನ ಕಣ್ಣೆದುರು ಇದ್ದದ್ದು ತುಂಬಿದ ಕೆಚ್ಚಲು. ಆಮೇಲೂ ಕೆಲವು ವರ್ಷ ಅವಳು ಬದುಕಿದಳು, ಮಲಗದೆಯೇ.

ಈಗ ಹಗಲಲ್ಲಿ ಅಡ್ಡಾದರೆ, ಕಣ್ಣು ಹತ್ತುವ ಹೊತ್ತಿಗೆ ಅಂಗೈಯಡಿ ಅವಳ ನಾಡಿ ಮಿಡಿದಂತಾಗುತ್ತದೆ. ಬೆಚ್ಚಿ ಒತ್ತಿ ಹಿಡಿಯುತ್ತೇನೆ. ಹಾಸಿಗೆ ತಣ್ಣಗಿರುತ್ತದೆ.