ವಾಯರ್ ಕಿತ್ತು ನೋಡುವ ಅಕ್ಕೋರು

ಅಕ್ಕೋರ ಎಡಗೈಯಲ್ಲಿ ಎರಡು ಹಸಿರು ಗಾಜಿನ ಬಳೆ, ಅವುಗಳ ನಡುವೆ ಒಂದು ನೀಲಿ ವಾಯರಿನ ಸುತ್ತು. ಮೊದಲ ಸಲ ಕಂಡಾಗ ಇದೇನೋ ಹೊಸ ಫ್ಯಾಶನ್ ಇರಬೇಕು ಅಂದುಕೊಂಡಿದ್ದೆ. ಅದು ಕಂಪ್ಯೂಟರಿಗೆ ಇಂಟರ್‌ನೆಟ್ ತರುವ ವಾಯರಂತೆ. ಸಿಂದಗಿಯಲ್ಲಿ ಅವರು ಕಂಪ್ಯೂಟರ್ ಪ್ರೋಗ್ರಾಂ ಮಾಡಲು ಕಲಿಸುವ ಕ್ಲಾಸಿನಲ್ಲಿ ಯಾವ ಹುಡುಗಿ "ಮುಗೀತ್ರಿ ಅಕ್ಕೋರ, ನೋಡ್ರಿ" ಅಂದರೂ ಸರಿ, ಮೊದಲು ಹೋಗಿ ಆ ವಾಯರ್ ಕಿತ್ತು, ಕೈಗೆ ಸುತ್ತಿಕೊಂಡು, ಆಮೇಲೆ ಕುರ್ಚಿ ಎಳೆದು ಕೂಡುತ್ತಿದ್ದರು. "ಹೂಂ, ಈಗ ತೋರಸ."

ನಾನು ತಾಂಬಾದ ಗೌಂಡಿ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟು ಕರಣೆ ಹಿಡಿದವನು. ಗೊಳಸಂಗಿಯಿಂದ ನಿಡಗುಂದಿತನಕ ನಾನು ಕಟ್ಟಿದ ಗೋಡೆಗಳು ನಿಂತಿವೆ. ಇಂಥವನು ಕಂಪ್ಯೂಟರ್ ಕಲಿಸುವವರ ಬಗ್ಗೆ ಬರೆಯಲು ಕೂತಿದ್ದಾನೆಂದು ನಗಬೇಡಿ. ಖುಷಿ ಎದೆಯೊಳಗೆ ಹಿಡಿಸುತ್ತಿಲ್ಲ, ಏನು ಮಾಡಲಿ!

ಅಕ್ಕೋರು ಸಿಂದಗಿಯವರೇ. ಅವರ ಅಜ್ಜ, ಅಪ್ಪ ಇಬ್ಬರೂ ಬಸ್‌ಸ್ಟ್ಯಾಂಡ್ ಹತ್ತಿರ ಬಟ್ಟೆ ಹೊಲಿದವರು. ಆ ಅಂಗಡಿಯ ಮಾಳಿಗೆಯ ಮೇಲೆಯೇ ಇವರ ಕ್ಲಾಸು. ಗಿಡ್ಡ ಆಳು, ತಲೆ ಮೇಲೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಮಾತು ಮಾತ್ರ ರೊಟ್ಟಿ ಬಡಿದ ಹಾಗೆ ಪಟಪಟ. ಚಹಾ ತರಿಸಿಕೊಳ್ಳುತ್ತಾರೆ, ಕುಡಿಯಲು ಮರೆಯುತ್ತಾರೆ, ತಣ್ಣಗಾದ ಮೇಲೆ "ಯಾರ ತಂದಿಟ್ಟೀರಿ ಇದನ್ನ?" ಅಂತ ಬೈಯುತ್ತಾರೆ. ಇದು ಚಲೋ, ಅದು ಕೆಟ್ಟದ್ದು ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಅವರದು ಎರಡೇ ಪ್ರಶ್ನೆ: "ಯಾರಿಗೆ? ಎಲ್ಲಿ?"

ಆ ಕ್ಲಾಸಿಗೇ ಹೋಗುವ ನನ್ನ ಮೊಮ್ಮಗಳು ಒಮ್ಮೆ ಕೇಳಿದ್ದಳಂತೆ, "ಅಕ್ಕೋರ, ಪ್ರೋಗ್ರಾಂ ಮಾಡಾಕ ಎಲ್ಲಾದಕ್ಕಿಂತ ಚಲೋ ಟೂಲ್ ಯಾವದ್ರಿ?"

"ಎಲ್ಲಾದಕ್ಕಿಂತ ಚಲೋ ಚಪ್ಪಲಿ ಯಾವದು?"

"ಯಾರ ಕಾಲಿಗ್ರಿ?"

"ಹಾಂ. ಈಗ ನೀನ ಹೇಳಿದಿ ನೋಡು."

ಆ ಮೊಮ್ಮಗಳಿಗೆ ಒಂದು ಕೆಲಸ ಸಿಗುವುದರಲ್ಲಿತ್ತು. ಅವಳ ಮೊದಲ ಕೆಲಸ. ಇಂಡಿಯಲ್ಲಿ ನಿಂಬೆ ಬೆಳೆಗಾರರ ಒಂದು ಸಂಘ. ಮಾಲು ತರಲು ಯಾವ ರೈತನ ಪಾಳಿ ಯಾವಾಗ, ಚೀಲ ಎಷ್ಟು, ದರ ಏನು, ಎಲ್ಲ ಪರದೆಯ ಮೇಲೆ ಕಾಣಬೇಕು, ಅಂಥದೊಂದು ಪ್ರೋಗ್ರಾಂ ಅವರಿಗೆ ಬೇಕಿತ್ತು. ಸಂಘದ ಹಿರಿಯರು ಷರತ್ತು ಹಾಕಿದ್ದರು: "ನಮ್ಮ ಹಳೇ ಕಂಪ್ಯೂಟರಿನ್ಯಾಗ, ನಮ್ಮ ಕಣ್ಣ ಮುಂದ ಹಚ್ಚಿ ತೋರಸವಾ. ನಡೀತಂದ್ರ ಕೆಲಸ ನಿಂದು. ನಡೀಲಿಲ್ಲಂದ್ರ ಸೊಲ್ಲಾಪುರದವರನ್ನ ಕರಸ್ತೇವಿ."

ಹುಡುಗಿ ಹಗಲೂ ಇರುಳೂ ಕೂತು ಮಾಡಿದಳು. ಹೊಸದಾಗಿ ಬಂದ, ಎಲ್ಲರೂ ಹೊಗಳುವ ಟೂಲುಗಳನ್ನೇ ಹುಡುಕಿ ಹಚ್ಚಿದಳು. ಅಕ್ಕೋರಿಗೆ ತೋರಿಸಲು ಹೋದಳು. ಅಕ್ಕೋರು ವಾಯರ್ ಕಿತ್ತರು. ಪ್ರೋಗ್ರಾಂ ನಿಂತಿತು, ಪರದೆ ತುಂಬ ಕೆಂಪು ಅಕ್ಷರ! "ಬೇರೆ ಬೇರೆ ಟೂಲ್ ತಗೊಂಡು ಇದನ್ನ ಮೂರು ಥರಾ ಮಾಡು. ಆ ಮೂಲ್ಯಾಗಿನ ಹಳೇ ಮಶೀನದ ಮ್ಯಾಲೆ ಮಾಡು" ಅಂದರಂತೆ. ಹುಡುಗಿ ಮನೆಗೆ ಬಂದು ಅತ್ತಳು, ಊಟ ಬಿಟ್ಟಳು. ನನಗೆ ಅಕ್ಕೋರ ಮೇಲೆ ಸಿಟ್ಟು ಬಂತು. ಮರುದಿನ ಮೊದಲ ಬಸ್ಸಿಗೇ ಸಿಂದಗಿಗೆ ಹೋದೆ.

"ಏನ್ರಿ ಅಕ್ಕೋರ, ಕೂಸು ಅಳಾಕತ್ತೈತಿ ಮನ್ಯಾಗ. ವಾಯರ್ ಇದ್ದಾಗ ಚಲೋ ನಡೀತಿತ್ತಲ್ಲ, ಕಿತ್ತಿದ್ದ ಯಾಕ?"

"ಬರ್ರಿ ಅಜ್ಜಾರ, ಕುಂದರ್ರಿ. ನೀವು ಗೌಂಡಿಯವ್ರಲ್ಲ? ಗ್ವಾಡಿ ಮುಗಿಸಿದ ಮ್ಯಾಲೆ ಓಳಂಬ ಬಿಟ್ಟ ನೋಡ್ತೀರಿಲ್ಲೋ?"

"ನೋಡ್ತೇವ್ರಿ. ದಾರಕ್ಕ ಗುಂಡು ಕಟ್ಟಿ ಬಿಡಲಿಲ್ಲಂದ್ರ ಗ್ವಾಡಿ ನೆಟ್ಟಗೈತೋ ಇಲ್ಲೋ ಹ್ಯಾಂಗ ತಿಳೀಬೇಕು?"

"ಇದು ನನ್ನ ಓಳಂಬ" ಅಂದು ಕೈಯಲ್ಲಿನ ವಾಯರ್ ಎತ್ತಿ ತೋರಿಸಿದರು.

ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಇನ್ನರ್ಧ ಉಳಿದಿತ್ತು. ಪ್ರೋಗ್ರಾಮಿನ ಮುಕ್ಕಾಲು ಪಾಲು ಬೇರೆಯವರು ಬರೆದಿಟ್ಟಿದ್ದನ್ನು ತಂದು ಹಚ್ಚುವುದೇ ಎಂದು ಮೊಮ್ಮಗಳು ಹೇಳಿದ್ದು ನೆನಪಾಯಿತು. ಅದನ್ನೂ ಕೇಳಿಬಿಟ್ಟೆ: "ಮಂದಿ ಬರದದ್ದು ತಂದು ನಂದು ಅನ್ನೂದು ಕಳವಿನಂಗ ಆಗೂದಿಲ್ಲೇನ್ರಿ?"

ಅಕ್ಕೋರು ನಕ್ಕ ನಗೆಗೆ ಬಳೆ ಕುಣಿದವು. "ಅಜ್ಜಾರ, ನೀವು ಕಟ್ಟಿದ ಮನಿಗೋಳ ಇಟ್ಟಂಗಿ ನೀವ ಸುಟ್ಟೀರೇನು? ತಗೋರಿ ಅಂತ ಬರದವ್ರ ಕೊಟ್ಟಾರ, ನಾವು ತರ್ತೇವಿ. ಹಂಗ ಸಾಮಾನು ತರೂದಕ್ಕ ಪ್ಯಾಕೇಜ್ ಮ್ಯಾನೇಜರ್ ಅಂತಾರ. ತಂದದ್ದನ್ನ ಪಾಳಿ ಹಚ್ಚಿ ಕಟ್ಟೂದು ಬಿಲ್ಡ್ ಟೂಲು. ಒಂದು ಗಾಡಿಯವ, ಒಂದು ಮೇಸ್ತ್ರಿ."

ನಮ್ಮ ಧಂದೆಯ ಮಾತು ಬಂದ ಮೇಲೆ ನಾನು ಏಳುತ್ತೇನೆಯೇ? ಮೊಮ್ಮಗಳೂ ಅಷ್ಟರಲ್ಲಿ ಬಂದು ಮುಖ ಊದಿಸಿಕೊಂಡು ಮೂಲೆಯ ಮಶೀನಿಗೆ ಕೂತಿದ್ದಳು. ಅಕ್ಕೋರು ನನ್ನನ್ನು ಅವಳ ಬೆನ್ನ ಹಿಂದೆ ಕೂಡಿಸಿ, ಒಂದೊಂದೇ ತೋರಿಸುತ್ತ ಹೋದರು. ಟೂಲುಗಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಗುಣ ಮಾತ್ರ ನೆನಪಿದೆ. ಒಬ್ಬ ಗಾಡಿಯವ ಪ್ರತಿಯೊಂದು ಮನೆಗೂ, ಅಂದರೆ ಪ್ರತಿಯೊಂದು ಪ್ರೋಗ್ರಾಮಿಗೂ, ಹೊಸದಾಗಿ ಲೋಡು ತಂದು ಅಂಗಳದಲ್ಲಿ ಸುರಿಯುತ್ತಾನೆ. ಎರಡು ಮನೆ ಹಿಡಿಯುವಷ್ಟರಲ್ಲಿ ಹಳೇ ಮಶೀನಿನ ಜಾಗವೇ ಮುಗಿಯಿತು. ಇನ್ನೊಬ್ಬ ಊರಿಗೆಲ್ಲ ಒಂದೇ ಕಡೆ ಸಾಮಾನಿಟ್ಟು, ಎಲ್ಲ ಮನೆಗೂ ಅಲ್ಲಿಂದಲೇ ಒದಗಿಸುತ್ತಾನೆ. ಒಬ್ಬ ಮೇಸ್ತ್ರಿ ಒಂದು ಕಿಡಕಿ ಬದಲಿಸು ಅಂದರೆ ಇಡೀ ಮನೆ ಕೆಡವಿ ಕಟ್ಟುತ್ತಾನೆ. ಇನ್ನೊಬ್ಬ ಕಿಡಕಿಗಷ್ಟೇ ಕೈ ಹಚ್ಚುತ್ತಾನೆ. ಮೂರನೆಯವನು ಮುದುಕ, ನನ್ನ ಹಾಗೆ. ನಿಧಾನ, ಆದರೆ ಏನೂ ಬೇಡುವುದಿಲ್ಲ.

"ಮತ್ತ ಈ ಲಾಕ್ ಫೈಲ್ ನೋಡ್ರಿ" ಅಂದರು. "ಅರ್ಧ ಗ್ವಾಡಿಗೆ ಒಂದು ಭಟ್ಟಿ ಇಟ್ಟಂಗಿ, ಉಳದ ಅರ್ಧಕ್ಕ ಇನ್ನೊಂದು ಭಟ್ಟೀದು ಹಚ್ತೀರೇನು?"

"ಛೇ! ಅಳತೀನ ಕೂಡಂಗಿಲ್ಲ."

"ಅದಕ್ಕ ಇದು. ಮೊದಲ ಸಲ ಯಾವ ಭಟ್ಟೀದು ತಂದಿತ್ತೋ ಮುಂದೂ ಅದ ಭಟ್ಟೀದ ಬರಬೇಕು. ಇಲ್ಲಿ ಕೂಡಿದ್ದು ಇಂಡಿ ಸಂಘದಾಗೂ ಕೂಡಬೇಕು."

ನಾನು ಮೊಮ್ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟೆ. "ಇಷ್ಟು ಚಂದ ಹೇಳಿಕೊಡವ್ರು ಇರಬೇಕಾರ ಅಳ್ತೀಯೇನ್ಲೇ?" ಅವಳು ಅಕ್ಕೋರನ್ನು ಕೇಳಿದಳು, "ಮತ್ತ ಯಾವದು ಹಚ್ಚಲಿ, ಹೇಳ್ರಲ್ಲ?" ಅಕ್ಕೋರು ತಣ್ಣಗಾದ ಚಹಾ ಎತ್ತಿಕೊಂಡು ಕಿಡಕಿ ಕಡೆ ತಿರುಗಿದರು. ಕೊನೆಗೂ ಹೇಳಲಿಲ್ಲ. ಈ ಒಂದು ಗಡಸುತನ ನನಗೆ ಅವತ್ತು ಸೇರಲಿಲ್ಲ, ಖರೆ ಹೇಳುತ್ತೇನೆ. ಹುಡುಗಿ ತಾನೇ ಲೆಕ್ಕ ಹಾಕಿ, ಒಂದೇ ಕಡೆ ಸಾಮಾನಿಡುವ ಗಾಡಿಯವನನ್ನೂ ನಿಧಾನದ ಮುದುಕ ಮೇಸ್ತ್ರಿಯನ್ನೂ ಆರಿಸಿದಳು. ಬೇಕಾದ ಸಾಮಾನೆಲ್ಲ ಒಂದು ಪೆನ್‌ಡ್ರೈವಿನಲ್ಲಿ ತುಂಬಿಕೊಂಡಳು, ಬುತ್ತಿ ಕಟ್ಟಿಕೊಂಡ ಹಾಗೆ.

ತೋರಿಸುವ ದಿನ ಇಂಡಿಯ ಆ ಸಂಘದ ಕೋಣೆ ನಿಂಬೆಹಣ್ಣಿನ ವಾಸನೆಯಿಂದ ಗಮ್ಮೆನ್ನುತ್ತಿತ್ತು. ಹಿರಿಯರು ಕೈಕಟ್ಟಿ ಕೂತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ, ಅಕ್ಕೋರು ನನ್ನ ಪಕ್ಕ. ಮುದ್ದೇಬಿಹಾಳದಲ್ಲಿ ಹೊಸ ಕ್ಲಾಸು ತೆಗೆಯುವ ಗಡಿಬಿಡಿಯಲ್ಲೂ ಬಂದಿದ್ದರು. ಅವತ್ತು ಕೈಯಲ್ಲಿ ಬಳೆ ಅಷ್ಟೇ ಇದ್ದವು, ವಾಯರ್ ಇರಲಿಲ್ಲ.

ಮೊಮ್ಮಗಳು ಮಶೀನಿನ ಮುಂದೆ ಕೂತಳು. ಕೂತವಳು ಎದ್ದಳು. ಗೋಡೆಯ ಹತ್ತಿರ ಹೋಗಿ ನೆಟ್ಟಿನ ವಾಯರನ್ನು ಸರಕ್ಕನೆ ಕಿತ್ತಳು!

"ಏ ತಂಗಿ, ಅದನ್ಯಾಕ ಕಿತ್ತಿ?" ಅಂದರು ಹಿರಿಯರು.

"ನಿಮ್ಮಲ್ಲೆ ನೆಟ್ ದಿನಾ ಇರ್ತೈತೇನ್ರಿ?"

"ಎಲ್ಲಿಂದು! ಅರ್ಧಾ ವಾರ ಇರೂದಿಲ್ಲ."

"ಹಂಗಾದ್ರ ಇಲ್ಲದಾಗ ನೋಡ್ರಿ" ಅಂದು, ವಾಯರನ್ನು ಕೈಗೆ ಸುತ್ತಿಕೊಂಡು, ಪೆನ್‌ಡ್ರೈವ್ ಹಚ್ಚಿದಳು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನಾನು ಹಾಕಿದ ಮೊದಲ ಚಾವಣಿಯ ಕೆಳಗಿನ ಹಲಗೆ ಬಿಚ್ಚುವಾಗಲೂ ಇಷ್ಟು ಹೆದರಿರಲಿಲ್ಲ. ಪರದೆ ಕಪ್ಪಾಗಿಯೇ ಇತ್ತು... ಇತ್ತು... ಆಮೇಲೆ ಹಸಿರು ಬಂತು. ರೈತರ ಪಾಳಿ, ಚೀಲ, ದರ, ಸಾಲಾಗಿ! ಹಿಂದೆ ಕೂತಿದ್ದ ಒಬ್ಬರು ಎದ್ದು "ಅರೆ, ನನ್ನ ಪಾಳಿ ಬಂತಲೋ!" ಅಂತ ಕೂಗಿದರು. ಹಿರಿಯರು ಕೈ ಬಿಚ್ಚಿದರು. "ಸೊಲ್ಲಾಪುರದವ್ರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡ್ರಪಾ."

ಅಕ್ಕೋರು ಚಪ್ಪಾಳೆ ತಟ್ಟಲಿಲ್ಲ. ಕಣ್ಣೊರೆಸಿಕೊಂಡದ್ದನ್ನು ಮಾತ್ರ ನಾನು ಕಂಡೆ. ನಾನು ಕೈ ಜೋಡಿಸಿದೆ. "ಅಕ್ಕೋರ, ನಿಮ್ಮ ಋಣಾ ಹ್ಯಾಂಗ ತೀರಸಲಿ?"

"ಮೊದಲ ಆ ವಾಯರ್ ವಾಪಸ್ ಕೊಡಸ್ರಿ ಅಜ್ಜಾರ, ಅದು ಸಂಘದ್ದು!" ಅಂದವರೇ ಮುದ್ದೇಬಿಹಾಳದ ಬಸ್ಸು ಹಿಡಿಯಲು ಓಡಿದರು.

ಋಣ ತೀರಿಲ್ಲ, ತೀರುವುದೂ ಬೇಡ. ಈಗಲೂ ಗೋಡೆ ಮುಗಿದ ಮೇಲೆ ಓಳಂಬ ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಅಕ್ಕೋರ ದನಿಯಲ್ಲೇ ಗೋಡೆಗೆ ಹೇಳುತ್ತೇನೆ: "ಹೂಂ, ಈಗ ತೋರಸ."