ಮಡಚಿದ ಮೂಲೆಗಳ ಸಾಕ್ಷಿ
ಓಣಿಯ ವಾಚನಾಲಯದ ಗ್ರಂಥಪಾಲಕರಿಗೆ ಓದುಗರ ಮಾತಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಅವರ ನಂಬಿಕೆಯೆಲ್ಲ ಪುಟದ ಮಡಚಿದ ಮೂಲೆಗಳ ಮೇಲೆ. ದೆವ್ವವೂ ಇರುವ, ಕೊಲೆಯೂ ಇರುವ, ಸಾಲದ್ದಕ್ಕೆ ಸಾಹಿತ್ಯವೂ ಇರುವ ಆ ದಪ್ಪ ಕಾದಂಬರಿ ಬಂದ ಮೇಲಂತೂ ಓಣಿ ಎರಡು ಹೋಳಾಗಿದೆ. "ಮುನ್ನೂರು ಪುಟ ಬರೀ ಮಂಜು ಕವಿದದ್ದೇ ಬಂತು, ದೆವ್ವದ ಮುಖ ಎಲ್ರೀ?" ಎಂದು ದರ್ಜಿ ಪುಸ್ತಕವನ್ನು ಮೇಜಿಗೆ ಕುಕ್ಕಿದರೆ, ಗ್ರಂಥಪಾಲಕರು "ನಿಮಗೆ ಮೋಸ ಆಯ್ತು ಬಿಡಿ" ಎನ್ನುತ್ತಾರೆ. "ಮನಸ್ಸೇ ದೆವ್ವ ಕಣ್ರೀ, ಒಂದೇ ಉಸಿರಿಗೆ ಓದಿದೆ" ಎಂದು ನಿವೃತ್ತ ಮೇಷ್ಟ್ರು ಕಣ್ಣು ಮುಚ್ಚಿದರೆ, "ನಿಮ್ಮಂಥೋರಿಗೇ ಬರೆದದ್ದು" ಎಂದು ತಲೆದೂಗುತ್ತಾರೆ. ಅವರವರು ಬೆನ್ನು ತಿರುಗಿಸಿದ ಮೇಲೆ ಮಡಿಕೆ ಹುಡುಕುತ್ತಾರೆ. ಬೈದ ದರ್ಜಿ ಕಡೆಯ ಅಧ್ಯಾಯದವರೆಗೂ ಮಡಚಿದ್ದಾನೆ. ಮೇಷ್ಟ್ರ ಉಸಿರು ನಲವತ್ತೊಂದನೇ ಪುಟಕ್ಕೇ ಕಟ್ಟಿದೆ. ಎರಡನ್ನೂ ಹೆಬ್ಬೆರಳಿನಿಂದ ತೀಡಿ ನೇರಮಾಡಿಯೇ ಪುಸ್ತಕವನ್ನು ಮುಂದಿನವರಿಗೆ ಕೊಡುತ್ತಾರೆ. "ನೀವು ಯಾವ ಕಡೆ ಸಾರ್?" ಎಂದು ಯಾರಾದರೂ ಕೇಳಿದರೆ "ಇನ್ನೂ ಓದ್ತಾ ಇದ್ದೀನಿ" ಎಂಬ ಒಂದೇ ಉತ್ತರ. ನೂರಹನ್ನೆರಡನೇ ಪುಟದ ಮಡಿಕೆಯನ್ನು ಮಾತ್ರ ಅವರು ಯಾವತ್ತೂ ತೀಡುವುದಿಲ್ಲ, ಅದು ಅವರದೇ. ಆ ಪುಟದಲ್ಲಿ ಸತ್ತ ಹೆಂಡತಿ ಅಡುಗೆಮನೆಯಿಂದ "ಊಟಕ್ಕೆ ಬನ್ನಿ" ಎಂದು ಗಂಡನನ್ನು ಕರೆಯುತ್ತಾಳೆ. ಓದಿದವರಿಗೆಲ್ಲ ಅಲ್ಲಿ ಮೈ ಜುಮ್ಮೆಂದಿದೆಯಂತೆ. ಮುಂದಿನ ಪುಟದಲ್ಲಿ ಆ ದನಿ ನಿಂತುಹೋಗುತ್ತದೆ ಎಂದು ದರ್ಜಿ ಬಾಯಿತಪ್ಪಿ ಹೇಳಿದ ದಿನದಿಂದ, ಮನೆಯಲ್ಲಿ ಎರಡು ವರ್ಷದಿಂದ ಒಬ್ಬರೇ ಬಡಿಸಿಕೊಂಡು ಉಣ್ಣುತ್ತಿರುವ ಗ್ರಂಥಪಾಲಕರು ಹಾಳೆ ತಿರುವಿಲ್ಲ.